ಹೆಗ್ಗಣ ಉರುಫ್ ಬ್ಯಾಂಡಿಕೂಟ್

ನನ್ನ ಕೈಚೀಲದಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿದೆ ಎಂಬುದನ್ನು ಮೊದಲು ಗಮನಿಸಿದವಳು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಕವಿತಾ. "ನೀಂಗ ಪೊಗಯಿಲೈ ಪೋಡುವೀಂಗಳಾ?" ಹೊಗೆಸೊಪ್ಪು ಹಾಕುತ್ತೀರಾ ಎಂದು ತಮಿಳಿನಲ್ಲಿ ಕೇಳಿದಳು, ತುಂಬ ಮರ್ಯಾದೆಯಿಂದ, ಸಾವಿನ ಮನೆಯಲ್ಲಿ ವಿಚಾರಿಸುವಂಥ ಮೆಲುದನಿಯಲ್ಲಿ. ನಾನು ಎಲೆ ಅಡಿಕೆಯನ್ನೂ ಹಾಕುವವಳಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವಳು ನಂಬಲಿಲ್ಲ. ಮಾತು ಕಡಿಮೆ ಆಡುವವರಿಗೆ ಇರುವ ಕಷ್ಟವೇ ಇದು. ನಮ್ಮ ಬಗ್ಗೆ ಯಾರಿಗೂ ಏನೂ ಗೊತ್ತಿರುವುದಿಲ್ಲವಾದ್ದರಿಂದ ಯಾರು ಏನನ್ನು ಬೇಕಾದರೂ ನಂಬಬಹುದು. ಇಷ್ಟು ದಿನ ನನ್ನ ಡಬ್ಬಿಯಲ್ಲಿ ಏನಿರುತ್ತದೆಂದೂ ತಿಳಿಯದಿದ್ದ ಆಫೀಸಿಗೆ ಆ ಸೋಮವಾರ ನನ್ನ ರಹಸ್ಯ ಜೀವನ ತಿಳಿದುಹೋಯಿತು.

ಚೀಲ ತೆಗೆದುಕೊಂಡು ಕೈತೊಳೆಯುವ ಕಡೆ ಹೋಗಿ ಹುಡುಕಿದೆ. ಛತ್ರಿಯ ಕೆಳಗೆ ಒಂದು ಪೊಟ್ಟಣ. ಅಪ್ಪನ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಅರಿಶಿನದ ದಾರದಿಂದ ಕಟ್ಟಿದ್ದು. ಗಂಟು ನನ್ನದೇ. ಅದು ಇರಬೇಕಾದದ್ದು ನಮ್ಮ ಕಾರಿನ ಬಾನೆಟ್ಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ. ಅಲ್ಲಿಂದ ನನ್ನ ಚೀಲಕ್ಕೆ ಅದು ಹೇಗೆ ಬಂತೆಂದು ಹೇಳಬೇಕಾದರೆ ಹೆಗ್ಗಣದಿಂದಲೇ ಶುರುಮಾಡಬೇಕು.

ನೀವು ಹೆಗ್ಗಣ ನೋಡಿರುತ್ತೀರಿ. ಆದರೆ ಮದರಾಸಿನ ಹೆಗ್ಗಣವನ್ನು ನೋಡಿದ್ದೀರೋ ಇಲ್ಲವೋ. ಮೈಲಾಪೂರದ ನಮ್ಮ ಬೀದಿಯಲ್ಲಿ ಅದು ಸಂಜೆ ಚರಂಡಿಯಿಂದ ಎದ್ದು ಬಂದರೆ ಬೆಕ್ಕುಗಳು ಬೇರೆ ಕೆಲಸ ನೆನಪಾದಂತೆ ಎದ್ದು ಹೋಗುತ್ತವೆ. ಓಡುವುದಿಲ್ಲ, ನಡೆಯುತ್ತದೆ, ಬಾಡಿಗೆ ವಸೂಲಿಗೆ ಬಂದ ಮನೆಯ ಯಜಮಾನನ ಹಾಗೆ. ತಮಿಳಿನಲ್ಲಿ ಅದಕ್ಕೆ ಪೆರುಚ್ಚಾಳಿ ಎನ್ನುತ್ತಾರೆ. 'ಪೆರು' ಎಂದರೆ ದೊಡ್ಡದು. ಹೆಬ್ಬಾಗಿಲು, ಹೆಬ್ಬೆರಳು, ಹೆದ್ದಾರಿಗಳ ಸಾಲಿನಲ್ಲೇ ನಮ್ಮ ಹೆಗ್ಗಣವೂ ನಿಂತಿರಬೇಕು ಎಂಬುದು ನನ್ನ ಊಹೆ. ಹಾಗಿದ್ದರೆ ತಮಿಳರೂ ಕನ್ನಡಿಗರೂ ಅದರ ಗಾತ್ರ ಕಂಡು ಹೆಸರಿಟ್ಟವರು. ತೆಲುಗರು ಮಾತ್ರ ಸ್ವಲ್ಪ ಹತ್ತಿರ ಹೋಗಿ ನೋಡಿದ್ದಾರೆ. ಅವರಿಗೆ ಅದು ಪಂದಿಕೊಕ್ಕು, ಅಂದರೆ ಹಂದಿಯಿಲಿ. ಮೂತಿ ನೋಡಿ ಹಾಗೆಂದರೋ, ರೇಗಿಸಿದರೆ ಅದು ಹಂದಿಯಂತೆ ಗುಟುರು ಹಾಕುವುದನ್ನು ಕೇಳಿ ಹಾಗೆಂದರೋ, ಕೇಳಲು ಈಗ ಯಾರೂ ಇಲ್ಲ. ಈ ತೀರಕ್ಕೆ ವ್ಯಾಪಾರಕ್ಕೆಂದು ಬಂದ ಇಂಗ್ಲಿಷರ ಗೋದಾಮುಗಳಲ್ಲಿ ಅಕ್ಕಿ ಚೀಲಕ್ಕೆ ತೂತು ಬಿದ್ದಾಗ ಅವರು ಕೇಳಿಸಿಕೊಂಡದ್ದು ಆ ತೆಲುಗು ಹೆಸರನ್ನು. ಅದನ್ನೇ ಅಗಿದು ನುರಿಸಿ ಬ್ಯಾಂಡಿಕೂಟ್ ಮಾಡಿಕೊಂಡರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಂಗ್ಲಿಷರು ಆಸ್ಟ್ರೇಲಿಯಕ್ಕೆ ಹೋದಾಗ ಅಲ್ಲಿ ಉದ್ದ ಮೂತಿಯ, ನೆಲ ಕೆರೆಯುವ ಒಂದು ಪ್ರಾಣಿ ಕಂಡಿತು. ಅದಕ್ಕೂ ಇಲಿಗೂ ಸಂಬಂಧವಿಲ್ಲ. ಅದು ಕಾಂಗರೂಗಳ ಕಡೆಯದು, ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತದೆ. ಆದರೆ ಹೆಸರಿಡುವವರಿಗೆ ಅವಸರ. ಕೈಯಲ್ಲಿ ಮದರಾಸಿನ ಕಡೆಯ ಹೆಸರೊಂದಿತ್ತು, ಇಟ್ಟುಬಿಟ್ಟರು. ಆ ಪ್ರಾಣಿಯ ಒಂದು ಸಂಗತಿ ಮಾತ್ರ ನನಗೆ ತುಂಬ ಇಷ್ಟ. ಅದರ ಚೀಲದ ಬಾಯಿ ಹಿಂದಕ್ಕೆ ತೆರೆದಿರುತ್ತದಂತೆ. ತಾಯಿ ಮುಂಗಾಲಿನಿಂದ ಮಣ್ಣು ಅಗೆಯುವಾಗ ಮರಿಯ ಮೇಲೆ ಬೀಳಬಾರದೆಂದು. ಅಲ್ಲಿನ ಜನ ಆ ಹೆಸರನ್ನು ಕ್ರಿಯಾಪದವಾಗಿಯೂ ಬಳಸುತ್ತಾರೆ. ಮೇಲಿನ ಸೊಪ್ಪು ಅಲುಗದಂತೆ ಕೆಳಗಿನ ಆಲೂಗೆಡ್ಡೆ ಕದಿಯುವುದಕ್ಕೆ 'ಬ್ಯಾಂಡಿಕೂಟ್ ಮಾಡುವುದು' ಎನ್ನುತ್ತಾರೆ. ತೋಟದ ಯಜಮಾನನಿಗೆ ಗಿಡ ಹಸಿರಾಗಿಯೇ ಕಾಣುತ್ತಿರುತ್ತದೆ.

ಬೇರೆಯವರ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಇಂಥ ಸಂಗತಿಗಳು ದಾರಿಯಲ್ಲಿ ಸಿಗುತ್ತವೆ, ಹೆಕ್ಕಿಕೊಂಡು ಮನೆಗೆ ತರುತ್ತೇನೆ. "ಇವಳಿಗೆ ನಮ್ಮಪ್ಪ ಸುಮ್ಮನೆ ಹೆಸರಿಡಲಿಲ್ಲ" ಎನ್ನುತ್ತಾರೆ ಅಪ್ಪ. ನಾನು ಚಿಕ್ಕವಳಿದ್ದಾಗ ನಂಜನಗೂಡಿನಲ್ಲಿ ತಾತ ನನ್ನನ್ನು ಕರೆಯುತ್ತಿದ್ದದ್ದು ಹೆಗ್ಗಣ ಎಂದೇ. ಮನೆಗೆ ಯಾರಾದರೂ ಬಂದರೆ ನಾನು ಒಂದು ಪುಸ್ತಕ, ಒಂದು ಕೊಬ್ಬರಿ ಗಿಟುಕು ಹಿಡಿದು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ಬಂದವರಿಗೆ ಕರಕರ ಸದ್ದು ಕೇಳಿಸುತ್ತಿತ್ತು. "ಏನದು?" ಎಂದರೆ ತಾತ, "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಆ ಮುದ್ದು" ಎನ್ನುತ್ತಿದ್ದರು. ಅಪ್ಪನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಇಲ್ಲಿಗೆ ಬಂದ ಮೇಲೆ ಶಾಲೆಯಲ್ಲಿ ಅದೇ ಪ್ರಾಣಿಗೆ ಇನ್ನೆರಡು ಹೆಸರು ಕಲಿತೆ. ಮಂಚದ ಕೆಳಗೆ ಹೋಗುವುದನ್ನು ಬಿಟ್ಟೆ. ಬಾಕಿ ಎಲ್ಲ ಹಾಗೇ ಇದೆ.

ಈಗ ಕಾರಿನ ವಿಷಯ.

ಅಪ್ಪ ಎಷ್ಟೋ ವರ್ಷ ಮೈಲಾಪೂರದಿಂದ ಪ್ಯಾರೀಸ್ ಕಾರ್ನರಿನ ಬ್ರಾಂಚಿಗೆ ತಾವೇ ಕಾರು ಓಡಿಸಿಕೊಂಡು ಹೋಗಿ ಬಂದವರು. ಹಾರ್ನ್ ಮಾಡದೆ ಪ್ಯಾರೀಸ್ ಮುಟ್ಟುವುದು ಅವರ ಒಂದು ಹೆಮ್ಮೆ. ನಿವೃತ್ತರಾದ ಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿನ ಹಿಂದಿನ ಪರದೆಗೆ ಇಳಿಯಿತು. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಅದೇ ಕನ್ನಡಕ, ಅದೇ ಪೇಪರು. ಪೇಪರಿನ ಪುಟ ಮಾತ್ರ ಮಗುಚುತ್ತಿಲ್ಲ ಎಂಬುದನ್ನು ಅಮ್ಮ ಗಮನಿಸಿದಳು. ಆಸ್ಟ್ರೇಲಿಯದ ಆಲೂಗೆಡ್ಡೆ ಗಿಡದ ಬಗ್ಗೆ ಓದಿದಾಗ ನನಗೆ ನೆನಪಾದದ್ದು ಆ ಪುಟ. ಡಾಕ್ಟರು ಇಂಜೆಕ್ಷನ್ ಶುರುಮಾಡಿದರು. ಇರುವ ದೃಷ್ಟಿ ಉಳಿಯುತ್ತದೆ, ಕಾರು ಮಾತ್ರ ಬಿಡಬೇಕು ಎಂದರು.

ಅಪ್ಪ ಮರುಮಾತಿಲ್ಲದೆ ಬಿಟ್ಟರು. ಆಮೇಲೆ ಒಂದು ಸಲ ಆಟೋದಿಂದ ಇಳಿಯುವಾಗ ಡ್ರೈವರು ಅವರ ಕೈ ಹಿಡಿದು, "ಪಾತ್ತು, ತಾತ್ತಾ, ಪಾತ್ತು" ಎಂದ, ನೋಡಿಕೊಂಡು ಇಳಿಯಿರಿ ತಾತ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಪ್ಪ ಅವತ್ತಿನಿಂದ ಆಸ್ಪತ್ರೆಗೆ ಬಿಟ್ಟು ಬೇರೆಲ್ಲಿಗೂ ಹೊರಡಲಿಲ್ಲ. ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು, ಕೆಳಗೆ ಬೇವಿನ ಮರದಡಿ ನಿಂತ ಕಾರಿನ ಕಡೆ ಮುಖ ಮಾಡಿರುತ್ತಿದ್ದರು.

ಅಮ್ಮ ಒಂದು ರಾತ್ರಿ ಊಟದಲ್ಲಿ ಸಾರು ಬಡಿಸುತ್ತ, "ನಾನು ಡ್ರೈವಿಂಗ್ ಕಲೀತೀನಿ" ಎಂದಳು.

ಅಪ್ಪ ನಕ್ಕರು. "ನಿಂಗೆ ಮಿಕ್ಸಿ ಹಾಕಕ್ಕೇ ಹೆದರಿಕೆ."

"ಮಿಕ್ಸಿಗೆ ಬ್ರೇಕ್ ಇಲ್ವಲ್ಲ ರೀ."

"ಈ ಊರಲ್ಲಿ ಓಡಿಸೋದು ಅಂದ್ರೆ ಏನಂತ ತಿಳ್ಕೊಂಡಿದೀಯಾ, ಶಾಂತಾ? ನಿನ್ನ ಮಗಳು ಎಂ.ಎ. ಮಾಡಿದಾಳೆ, ಅವಳೇ ಕಲೀಲಿಲ್ಲ."

ಇದು ನಿಜ. ನಾನು ಒಂದು ಸಲ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ಹಿಂದಿನಿಂದ ಯಾರಾದರೂ ಹಾರ್ನ್ ಮಾಡಿದರೆ ಕಾರು ನಿಲ್ಲಿಸಿ ಅವರಿಗೆ ದಾರಿ ಬಿಡುತ್ತಿದ್ದೆ. ಚೆನ್ನೈನಲ್ಲಿ ಹಾಗೆ ದಾರಿ ಬಿಡುತ್ತ ನಿಂತರೆ ನಿಂತೇ ಇರಬೇಕಾಗುತ್ತದೆ. ಮಾಸ್ಟರು ನನ್ನನ್ನು ಬಹಳ ಗೌರವದಿಂದ ಮನೆಗೆ ಕಳಿಸಿಕೊಟ್ಟರು.

ಕೊನೆಗೆ ಅಪ್ಪ ಒಂದು ಒಪ್ಪಂದಕ್ಕೆ ಬಂದರು. ಅಮ್ಮ ಸ್ಕೂಲಿನವರ ಕಾರಿನಲ್ಲೇ ಕಲಿಯಬೇಕು, ನಮ್ಮದನ್ನು ಮುಟ್ಟಬಾರದು. ಟೆಸ್ಟ್ ಪಾಸಾದರೆ ಕಾರು ಇರುತ್ತದೆ. ಇಲ್ಲವಾದರೆ ಮಾರುವುದು. ಅಮ್ಮ ಒಪ್ಪಿದಳು. ಅವತ್ತೇ ಒಂದು ಬಿಳಿ ಕಾಗದದ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ 'ಎಲ್' ಬರೆದು, ಯಾವತ್ತಾದರೂ ಬೇಕಾಗುತ್ತದೆ ಎಂದು ನಮ್ಮ ಕಾರಿನ ವೈಪರಿಗೆ ಸಿಕ್ಕಿಸಿ ಬಂದಳು.

ಕಾರು ನಿಂತೇ ಇತ್ತು. ನಿಂತ ಕಾರನ್ನು ಕಂಡರೆ ಹೆಗ್ಗಣಕ್ಕೆ ಖಾಲಿ ಮನೆ ಕಂಡಂತೆ. ಒಂದು ದಿನ ಅಮ್ಮ ಸುಮ್ಮನೆ ಒರೆಸೋಣವೆಂದು ಬಾನೆಟ್ ಎತ್ತಿದರೆ ಎಂಜಿನ್ನಿನ ಮೇಲೆ ಅರ್ಧ ತಿಂದ ಮಾವಿನ ವಾಟೆ. ಕೆಳಗಿನ ಮನೆಯ ರುಕ್ಮಿಣಿ ಮಾಮಿ ಬಂದು ಇಣುಕಿದರು. ಅವರದೂ ಕನ್ನಡದ ಮನೆ, ಆದರೆ ಅಜ್ಜನ ಅಜ್ಜನ ಕಾಲಕ್ಕೇ ಮದರಾಸಿಗೆ ಬಂದವರು, ಮಾತಿನಲ್ಲಿ ಅರ್ಧ ತಮಿಳು.

"ಪೆರುಚ್ಚಾಳಿ ವೇಲೆಯೇ ಇದು," ಎಂದರು ಮಾಮಿ. "ಪಿಳ್ಳೆಯಾರಿನ ವಾಹನ ಅಲ್ವೋ. ವಾಹನಕ್ಕೇ ಒಂದು ವಾಹನ ಬೇಕಾಯ್ತು ಪೋಲಿರ್ಕು."

"ವಿಷ ಇಡೋಣ ಅಂತಾರೆ ಇವರು," ಎಂದಳು ಅಮ್ಮ.

"ಛೀ ಛೀ, ಪಾಪ. ಆಮೇಲೆ ಒಳಗೇ ಸತ್ತರೆ ಬೀದಿಯೆಲ್ಲ ನಾತ. ಪೊಗಯಿಲೆ ಕಟ್ಟಮ್ಮ. ನಮ್ಮ ಆತ್ತುಕಾರರು ಇದ್ದಾಗ ನಾವು ಅದನ್ನೇ ಕಟ್ತಿದ್ವಿ. ವಾಸನೆಗೆ ಹತ್ತಿರ ಬರಲ್ಲ."

ಮಾಮಿಯ ಬಾಯಲ್ಲಿ ಪಿಳ್ಳೆಯಾರ್ ಎಂದರೆ ಗಣೇಶ, ಆತ್ತುಕಾರರು ಎಂದರೆ ಯಜಮಾನರು, ಪೊಗಯಿಲೆ ಎಂದರೆ ಹೊಗೆಸೊಪ್ಪು. ಅಮ್ಮ ಕಂಗಾಲಾದಳು. ನಮ್ಮದು ಏಕಾದಶಿಗೆ ಉಪವಾಸವಿರುವ, ಈರುಳ್ಳಿಯೂ ಹೊಸ್ತಿಲು ದಾಟಿ ಬರದ ಮನೆ. ಅದಕ್ಕೇ ಪಂಚೆಯ ತುಂಡು, ಅರಿಶಿನದ ದಾರ. ಹೊಗೆಸೊಪ್ಪಿಗೂ ಒಂದಿಷ್ಟು ಮಡಿ ಉಡಿಸುವ ಪ್ರಯತ್ನ.

ಅಪ್ಪನಿಗೆ ಈ ನಾಟಿ ಮದ್ದು ಹಿಡಿಸಲಿಲ್ಲ. ಅವರು ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲೂ ಆ ಪ್ರಾಣಿಯನ್ನು ಬ್ಯಾಂಡಿಕೂಟ್ ಎಂದೇ ಕರೆಯುವವರು. ಇಂಗ್ಲಿಷಿನಲ್ಲಿ ಹೇಳಿದರೆ ಸಮಸ್ಯೆಗೆ ಒಂದು ಅಂತಸ್ತು ಬರುತ್ತದೆ ಎಂಬ ನಂಬಿಕೆ. ಫೋನಿನಲ್ಲಿ ಅದೇ ಹೆಸರು ಹೇಳಿ ಪರಿಹಾರ ಹುಡುಕಿಸಿದರು. ಫೋನು ಓದಿ ಹೇಳಿತು: ನಿಮ್ಮ ತೋಟಕ್ಕೆ ಬ್ಯಾಂಡಿಕೂಟ್ ಬಂದಿದ್ದರೆ ನೀವು ಅದೃಷ್ಟವಂತರು, ಹುಳು ತಿಂದು ಉಪಕಾರ ಮಾಡುತ್ತದೆ, ಅಗಲವಾದ ಬಟ್ಟಲಲ್ಲಿ ನೀರಿಡಿ, ಪೊದೆಗಳನ್ನು ಕಡಿಯಬೇಡಿ. ಅಪ್ಪ ಫೋನು ಕೆಳಗಿಟ್ಟು, "ಯಾರೋ ಜೈನರು ಬರೆದಿರಬೇಕು" ಎಂದರು. ನಾನು ಆಸ್ಟ್ರೇಲಿಯದ ಕಥೆ ಪೂರ್ತಿ ಹೇಳಿದೆ. ಅಮ್ಮ ತಾಳ್ಮೆಯಿಂದ ಕೇಳಿ, "ಅದರ ಜಾತಕ ಆಮೇಲೆ ಬರೀವಿಯಂತೆ. ಹೋಗಿ ಹೊಗೆಸೊಪ್ಪು ತಗೊಂಡು ಬಾ" ಎಂದಳು. "ಇಲ್ಲೆಲ್ಲೂ ಬೇಡ ಕಣೆ, ಎಲ್ರಿಗೂ ನಮ್ಮ ಗುರ್ತಿದೆ. ಪ್ಯಾರೀಸಿಗೆ ಹೋಗು."

ಹೀಗೆ ನಾನು ಪ್ಯಾರೀಸ್ ಕಾರ್ನರಿನ ಸಗಟು ಅಂಗಡಿಗಳ ಗಲ್ಲಿಯಲ್ಲಿ ಹೊಗೆಸೊಪ್ಪಿನ ಅಂಗಡಿ ಹುಡುಕಿಕೊಂಡು ಹೋದೆ. ಅಂಗಡಿಯವರು ಎಲೆಯ ಕಂತೆ ಬಿಚ್ಚುತ್ತ, "ಯಾರುಕ್ಕು ಮ್ಮಾ? ತಾತ್ತಾವುಕ್ಕಾ?" ಎಂದರು. ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಕಾರುಕ್ಕು" ಎಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕಾರುಗಳಿಗೆ ಎಂದೇ ಬೇರೆ ಇಟ್ಟಿದ್ದಂತೆ, "ಅಪ್ಪೋ ಕಾರಮಾನದು ಎಡುತ್ತುಕ್ಕೋಂಗ" ಎಂದು ಖಾರವಾದದ್ದನ್ನೇ ಕೊಟ್ಟರು. ಮನೆಗೆ ತಂದು ನಾನೇ ಕಟ್ಟಿದೆ. ಹೆಗ್ಗಣದ ಸುದ್ದಿ ನಿಂತಿತು.

ಆಮೇಲೆ ಅಮ್ಮನ ಟೆಸ್ಟ್ ಬಂತು. ಮುಂದಕ್ಕೆ ಚೆನ್ನಾಗಿ ಓಡಿಸಿದಳಂತೆ. ರಿವರ್ಸ್‌ನಲ್ಲಿ ಹಿಂದಿನ ಕಂಬಕ್ಕೆ ತಾಗಿಸಿದಳು. ಫೇಲ್. ಅಪ್ಪ ಅವಳನ್ನು ಹಂಗಿಸಬಹುದು ಎಂದು ನಾನು ಕಾದಿದ್ದೆ. ಹಂಗಿಸಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು, ಇಷ್ಟು ಮಾಡಿದ್ದೇ ಹೆಚ್ಚು" ಎಂದರು ಮೆತ್ತಗೆ. ಆಮೇಲೆ ಬ್ಯಾಂಕಿನ ಗೆಳೆಯರೊಬ್ಬರಿಗೆ ಫೋನ್ ಮಾಡಿದರು. ಅವರ ಪರಿಚಯದವರು ಭಾನುವಾರ ಕಾರು ನೋಡಲು ಬರುವುದೆಂದಾಯಿತು. ಒಪ್ಪಂದ ಒಪ್ಪಂದವೇ.

ಭಾನುವಾರ ಬೆಳಿಗ್ಗೆ ಬಂದವರು ಒಳ್ಳೆಯ ಮನುಷ್ಯ. ಕಾರನ್ನು ಸುತ್ತು ಹಾಕಿ ನೋಡಿ, ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ಹೊಗಳಿದರು. ಅಪ್ಪ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದರು, ಮಗಳನ್ನು ಒಪ್ಪಿಸುವ ದಿನ ನಿಲ್ಲುವಂತೆ. ಬಂದವರು ಕೂತು ಕೀ ತಿರುಗಿಸಿದರು. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದರು. ಒಳಗೆ ಏನೋ ಟಿಕ್ ಎಂದು ಸುಮ್ಮನಾಯಿತು.

ಬೀದಿಯ ತುದಿಯ ಮೆಕ್ಯಾನಿಕ್ಕನ್ನು ಕರೆಸಿದೆವು. ಬಾನೆಟ್ ಎತ್ತಿದರೆ ವೈರುಗಳೆಲ್ಲ ಶಾವಿಗೆಯಂತೆ ತುಂಡಾಗಿವೆ. ಬ್ಯಾಟರಿಯ ಪಕ್ಕದಲ್ಲಿ ಒಂದು ಗೂಡು: ತೆಂಗಿನ ನಾರು, ಹಾಲಿನ ಪ್ಯಾಕೆಟ್ಟಿನ ಚೂರು, ಯಾರದೋ ಕಾಲುಚೀಲ, ಎಲ್ಲಕ್ಕೂ ಮೇಲೆ ಮೆತ್ತನೆ ಹಾಸಿದ ಬಿಳಿ ಕಾಗದದ ಮೇಲೆ ಕೆಂಪು ಗೆರೆ. ಅಮ್ಮನ 'ಎಲ್'.

"ಕಲಿಯಕ್ಕೆ ಅದೂ ಸೇರಿದೆ ನೋಡು," ಎಂದರು ಅಪ್ಪ. ಬಹಳ ದಿನಗಳಾದ ಮೇಲೆ ಅವರು ಮಾಡಿದ ಮೊದಲ ತಮಾಷೆ ಅದು.

ಬಂದವರು ಕಾಫಿ ಕುಡಿದು, ಪೆರುಚ್ಚಾಳಿ ಹೊಕ್ಕ ವಂಡಿ ನಮಗೆ ಆಗಿಬರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಕೈಮುಗಿದು ಹೋದರು. ಮರುದಿನ ಸೋಮವಾರ. ಕವಿತಾ ನನ್ನ ಚೀಲದ ಕಡೆ ಮೂಗು ಅರಳಿಸಿದ್ದು ಅವತ್ತೇ.

ಸಂಜೆ ಮನೆಗೆ ಬಂದವಳು ಪೊಟ್ಟಣವನ್ನು ಅಡುಗೆ ಕಟ್ಟೆಯ ಮೇಲಿಟ್ಟೆ. ಅಮ್ಮ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ನೀನೇನಾ?" ಎಂದೆ.

"ಮೆಲ್ಲಗೆ ಮಾತಾಡು. ಟೆಸ್ಟ್ ಫೇಲಾದ ದಿನವೇ ಬಿಚ್ಚಿದೆ."

"ಅಮ್ಮ, ವೈರೆಲ್ಲ ಹೋಗಿದೆ."

"ವೈರು ಹೋದ್ರೆ ಹಾಕಿಸ್ಬೋದು. ಕಾರು ಹೋದ್ರೆ ನಿಮ್ಮಪ್ಪ ಮತ್ತೆ ಮನೆಯಿಂದ ಹೊರಗೆ ಬರಲ್ಲ ಕಣೆ." ಒಂದು ಬೀನ್ಸಿನ ನಾರು ಎಳೆದು ಪಕ್ಕಕ್ಕಿಟ್ಟಳು. "ನಾನು ಏನೂ ಮಾಡಿಲ್ಲ. ಗಣೇಶನ ದಾರಿಗೆ ಅಡ್ಡ ಇಟ್ಟಿದ್ದನ್ನ ತೆಗೆದೆ ಅಷ್ಟೆ. ವಿಘ್ನ ಮಾಡೋದು ಬಿಡೋದು ಅವನಿಗೆ ಬಿಟ್ಟಿದ್ದು."

"ಅದನ್ನ ನನ್ನ ಚೀಲಕ್ಕೆ ಯಾಕೆ ಹಾಕಿದೆ?"

"ತಾರಸಿ ಮೇಲೆ ತುಳಸಿ ಕುಂಡದ ಹಿಂದೆ ಇಟ್ಟಿದ್ದೆ. ಹೊಗೆಸೊಪ್ಪನ್ನ ತುಳಸಿ ಹತ್ರ ಇಟ್ನಲ್ಲಾಂತ ನಿದ್ದೇನೇ ಬರ್ಲಿಲ್ಲ. ಒಳಗಿಟ್ರೆ ನಿಮ್ಮಪ್ಪಂಗೆ ವಾಸನೆ ಹತ್ತತ್ತೆ. ನಿನ್ನ ಚೀಲ ಯಾರು ಮೂಸ್ತಾರೆ ಅಂದ್ಕೊಂಡೆ."

ಆಫೀಸಿನಲ್ಲಿ ನನ್ನ ಹೆಸರು ಏನಾಗಿದೆಯೆಂದು ಹೇಳಿದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ನಡುಮನೆಯಿಂದ ಅಪ್ಪ, "ಏನ್ರೇ ಅದು?" ಎಂದರು. "ಏನಿಲ್ಲಪ್ಪ, ಆಫೀಸಿನ ವಿಷಯ" ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ವೈರು ಹಾಕಿ ಮುಗಿಸಿದ ಮೇಲೆ ಮೆಕ್ಯಾನಿಕ್, ಈ ಕಾರು ನಿಂತರೆ ಮತ್ತೆ ಬರುತ್ತದೆ, ದಿನವೂ ಓಡಿಸಿ ಎಂದ. ಇನ್ನೊಮ್ಮೆ ಮಾರುವವರೆಗಾದರೂ ಓಡುತ್ತಿರಬೇಕು, ಓಡಿಸುವವರು ಯಾರು? ಅಮ್ಮ ಆಗಲೇ ಎರಡನೇ ಟೆಸ್ಟಿಗೆ ದಿನ ಗೊತ್ತುಮಾಡಿಕೊಂಡಿದ್ದಳು. ಈ ಸಲ ಹಿಂದಿನ ದಿನ ಅಪ್ಪ ತಾವಾಗಿ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ತುಪ್ಪದ ಗಿಂಡಿಗಳನ್ನು ಕಂಬಗಳ ಹಾಗೆ ನಿಲ್ಲಿಸಿ, ಬೆಂಕಿಪೊಟ್ಟಣವನ್ನು ಹಿಂದಕ್ಕೆ ಸರಿಸುತ್ತ ತೋರಿಸಿದರು. "ಕನ್ನಡೀಲಿ ಕಂಬ ನೋಡಬೇಡ. ಕಂಬಕ್ಕೂ ನಿನಗೂ ಮಧ್ಯ ಇರೋ ಜಾಗ ನೋಡು." ಅವರ ಕೈ ತುಪ್ಪದ ಗಿಂಡಿಗೆ ತಾಗಲಿಲ್ಲ.

ಅಮ್ಮ ಪಾಸಾದಳು.

ಲೈಸೆನ್ಸ್ ಕೈಗೆ ಬಂದ ಮೊದಲ ಭಾನುವಾರ, ಬೆಳಕು ಹರಿಯುವ ಹೊತ್ತಿಗೆ ಮೂವರೂ ಹೊರಟೆವು. ರುಕ್ಮಿಣಿ ಮಾಮಿ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಎಲ್ಲಿಗೆ ಸವಾರಿ?" ಎಂದರು. ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ, "ಆಫೀಸಿಗೆ" ಎಂದರು.

ಅಮ್ಮನಿಗೆ ಪ್ಯಾರೀಸಿನ ದಾರಿ ಸರಿಯಾಗಿ ಗೊತ್ತಿಲ್ಲ. ಅಪ್ಪನಿಗೆ ಅದು ಕಾಣುವುದಿಲ್ಲ. ಆದರೆ ಅವರಿಗೆ ನೋಡುವ ಅಗತ್ಯವಿರಲಿಲ್ಲ. "ಇಲ್ಲಿ ಬಸ್ಸು ಎಡಕ್ಕೆ ನುಗ್ಗತ್ತೆ, ಬಿಡು." ಬಸ್ಸು ನುಗ್ಗಿತು, ಅಮ್ಮ ಬಿಟ್ಟಳು. "ಈಗ ಕಡಲ ಗಾಳಿ ಬರತ್ತೆ, ಬಲಗಡೆ ಕಿಟಕಿ ಇಳಿಸು." ಗಾಳಿ ಬಂತು. ಯಾರೋ ಹಿಂದಿನಿಂದ ಹಾರ್ನ್ ಮಾಡಿದರು. ನಾನಾಗಿದ್ದರೆ ನಿಲ್ಲಿಸಿ ದಾರಿ ಬಿಡುತ್ತಿದ್ದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತವಳು ಕತ್ತು ಅಲುಗಿಸದೆ ತನ್ನ ಪಾಡಿಗೆ ಹೋದಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಮುಂದೆ ಅವಳು ದಾರಿಯನ್ನು ಅಗೆದುಕೊಂಡು ಹೋಗುತ್ತಿದ್ದಳು, ಮಣ್ಣಿನ ಒಂದು ಕಣವೂ ನನ್ನ ಮೇಲೆ ಬೀಳಲಿಲ್ಲ.

ಬಂದರಿನ ಗೋಡೆ ಶುರುವಾದಾಗ ಅಪ್ಪ ಸೀಟಿಗೆ ಒರಗಿದರು. "ಶಾಂತಾ."

"ಏನು? ಎಡಕ್ಕಾ?"

"ನೇರಕ್ಕೇ ಹೋಗು. ಆ ಹೊಗೆಸೊಪ್ಪಿನ ಪೊಟ್ಟಣ ಎಲ್ಲಿಟ್ಟೆ?"

ಅಮ್ಮ ಗೇರ್ ಬದಲಾಯಿಸಿದಳು, ಸ್ವಲ್ಪವೂ ಜರ್ಕ್ ಇಲ್ಲದೆ. "ಯಾವಾಗ ಗೊತ್ತಾಯ್ತು?"

"ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಅವತ್ತು ಭಾನುವಾರ ಬಾನೆಟ್ ಎತ್ತಿದಾಗ ವಾಸನೆ ಇರಲಿಲ್ಲ. ಮಾರನೇ ದಿನ ನಿನ್ನ ಹೆಗ್ಗಣದ ಚೀಲದಲ್ಲಿತ್ತು."

"ಮತ್ತೆ ಏನೂ ಕೇಳಲಿಲ್ಲ?"

"ಕೇಳಿದ್ರೆ ಮತ್ತೆ ಕಟ್ಟಬೇಕಾಗ್ತಿತ್ತಲ್ಲ," ಎಂದರು ಅಪ್ಪ. ಸ್ವಲ್ಪ ಹೊತ್ತಾದ ಮೇಲೆ, "ಈಗ ಕಟ್ಟಿದೀಯಾ?" ಎಂದರು.

"ಇಲ್ಲ ರೀ," ಎಂದಳು ಅಮ್ಮ. "ದಿನಾ ಓಡೋ ಗಾಡಿಗೆ ಯಾಕೆ?"